ಯಾರ ಕಾಲಗುಣ

ಅನುರಾಧಾಳ ಕಂಪ್ಯೂಟರು ಸಾಯುವುದಕ್ಕೂ ಮುಹೂರ್ತ ನೋಡುತ್ತಿತ್ತು. ಸುಮ್ಮನೆ ತೆರೆದಿಟ್ಟಾಗ ಅದಕ್ಕೆ ಏನೂ ಆಗುತ್ತಿರಲಿಲ್ಲ, ಹಾಡು ಹಚ್ಚಿದರೂ ಏನೂ ಆಗುತ್ತಿರಲಿಲ್ಲ. ಲಗ್ನಪತ್ರಿಕೆಯ ಎರಡೂ ಮಗ್ಗುಲು ಮುಗಿದು, ಹುಡುಗಿಯ ಸೋದರಮಾವಂದಿರು ಒಂದು ಕಡೆ ಕನ್ನಡದಲ್ಲಿ ಇನ್ನೊಂದು ಕಡೆ ಮರಾಠಿಯಲ್ಲಿ ಸಾಲಾಗಿ ನಿಂತು, ಗಣಪತಿಗೆ ಬಂಗಾರದ ಬಣ್ಣ ಬಂದು, ಇನ್ನೇನು ಪ್ರೆಸ್ಸಿಗೆ ಕಳಿಸಬೇಕು ಎನ್ನುವಾಗ ಪರದೆ ಕಪ್ಪಾಗುತ್ತಿತ್ತು. ಆಮೇಲೆ ತನ್ನದೇನೂ ತಪ್ಪಿಲ್ಲ ಎಂಬಂತೆ ತಾನೇ ಎದ್ದು, ಕಂಪನಿಯ ಗುರುತು ತೋರಿಸಿ, ಪಾಸ್‌ವರ್ಡ್ ಕೇಳಿಕೊಂಡು ನಿಲ್ಲುತ್ತಿತ್ತು.

ಅವಳು ಮೊದಮೊದಲು ಅದನ್ನು ಬೈದಳು. ಬೈಗುಳ ನಾಟದಿದ್ದಾಗ ರಮಿಸಿದಳು. ಕಂಪ್ಯೂಟರಿಗೆ ಕಿವಿ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು, ಆದರೂ ಇದೊಂದು ಪತ್ರಿಕೆ ಮುಗಿಸಿಕೊಡು, ಆಮೇಲೆ ಬೇಕಾದಷ್ಟು ಮಲಗು ಎಂದು ಕೇಳಿಕೊಂಡಳು. ಅದು ಜಪ್ಪಯ್ಯ ಎನ್ನಲಿಲ್ಲ. ಮದುವೆಯ ಹಂಗಾಮು ಬೇರೆ. ಪತ್ರಿಕೆ ಮಾಡಲು ಕೊಟ್ಟಿದ್ದ ಖಾನಾಪುರದ ಕಡೆಯ ಹೆಣ್ಣಿನ ಮನೆಯ ಬೀಗರೊಬ್ಬರು ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಫೋನು ಮಾಡಿ, ಮೊದಲು ಪತ್ರಿಕೆ ಬರುತ್ತದೋ ಇಲ್ಲ ಅಳಿಯನೇ ಬಂದುಬಿಡುತ್ತಾನೋ ಎಂದು ವಿಚಾರಿಸತೊಡಗಿದ್ದರು.

ಬೆಳಗಾವಿಯ ಹಿಂಡಲಗಾ ದಾರಿಯಲ್ಲಿ ಅವರದು ಸಣ್ಣ ಮನೆ. ಗಂಡ ಸೋಮಲಿಂಗ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಲ್ಲುವವನು. ಮಗಳು ಪೂರ್ಣಿಮಾ ಧಾರವಾಡದ ಹಾಸ್ಟೆಲ್ ಸೇರಿದ ಮೇಲೆ ಅನುರಾಧಾ ಮನೆಯಲ್ಲೇ ಲಗ್ನಪತ್ರಿಕೆ ಮಾಡುವ ಕೆಲಸ ಹಿಡಿದಿದ್ದಳು. ಕಾಗದದ ಮೇಲೆ ಅಚ್ಚಾಗುವಂಥವು, ಮೊಬೈಲಿನಲ್ಲಿ ಹಾಡು ಹೂವುಗಳ ಸಮೇತ ಹಾರಿಹೋಗುವ ವಿಡಿಯೋ ಪತ್ರಿಕೆಗಳು, ಎರಡೂ. ಖಾನಾಪುರ ತಾಲೂಕಿನಲ್ಲಿ ಅರ್ಧ ಬಳಗ ಕನ್ನಡದ್ದಾದರೆ ಅರ್ಧ ಮರಾಠಿಯದ್ದು. ಎರಡೂ ಭಾಷೆಯಲ್ಲಿ ಒಬ್ಬ ಕಾಕಾನ ಹೆಸರೂ ಬಿಡದೆ, ಒಬ್ಬ ಮಾವಶಿಯ ಹೆಸರೂ ಕೆಡಿಸದೆ ಬರೆಯುತ್ತಾಳೆಂದು ಅವಳಿಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಅವಳಿಗೆ ಬಹಳ ಹೆಮ್ಮೆ.

ಕಂಪ್ಯೂಟರು ಹೀಗೆ ಕೈಕೊಡಲು ಶುರುವಾದದ್ದು ಅತ್ತೆ ಸಾವಂತ್ರವ್ವ ಬಂದ ವಾರ. ಖಾನಾಪುರದ ಅಂಚಿನ ಮನೆಯಲ್ಲಿ ಕಿರಿಯ ಮಗ ಬೀರೇಶನ ಜೊತೆ ಇರುವ ಮುದುಕಿಗೆ ಬೆಳಗಾವಿಯಲ್ಲಿ ಕಣ್ಣಿನ ಪೊರೆ ತೆಗೆಸಿದ್ದರು. ಊರ ಮನೆಯಲ್ಲಿ ರೊಟ್ಟಿ ಸುಡುವುದು ಇನ್ನೂ ಕಟ್ಟಿಗೆಯ ಒಲೆಯ ಮೇಲೆ, ಅಂಗಳದ ತುಂಬ ಕುರಿಗಳ ಧೂಳು. ಕಣ್ಣು ಮಾಯುವ ತನಕ ಹೊಗೆ ಧೂಳುಗಳ ಹತ್ತಿರ ಸುಳಿಯಕೂಡದು, ಸುಳಿದು ಕೀವಾದರೆ ಕಣ್ಣೇ ಹೋದೀತು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾಗಿ ಅನುರಾಧಾ ನಡುಮನೆಯಲ್ಲಿ, ತನ್ನ ಮೇಜಿನ ಮಗ್ಗುಲಲ್ಲೇ, ಅತ್ತೆಗೆ ಮಂಚ ಹಾಕಿದಳು. ಮೇಜಿಗೂ ಮಂಚದ ತಲೆದೆಸೆಗೂ ನಡುವೆ ನೆಲದ ಮೇಲೆ ಕಂಪ್ಯೂಟರಿನ ಡಬ್ಬಿ ಕುಳಿತಿತ್ತು. ಅದರ ಮುಖ ಅನುರಾಧಾಳ ಕಡೆಗೆ, ಬೆನ್ನು ಸಾವಂತ್ರವ್ವನ ಕಡೆಗೆ.

ಅತ್ತೆ ಬಂದದ್ದೂ ಯಂತ್ರ ಕೆಟ್ಟದ್ದೂ ಜೊತೆಜೊತೆಗೆ ಎಂಬುದನ್ನು ಮನೆಯಲ್ಲಿ ಮೂವರೂ ಕಂಡಿದ್ದರು. ಮೂವರೂ ತುಟಿ ಬಿಚ್ಚಿರಲಿಲ್ಲ. ಅದಕ್ಕೆ ಕಾರಣವಿತ್ತು.

ಅನುರಾಧಾ ಸೊಸೆಯಾಗಿ ಖಾನಾಪುರದ ಹೊಸ್ತಿಲು ದಾಟಿ ಇನ್ನೂ ಕೈಯ ಹಸಿರು ಬಳೆ ಹಳತಾಗಿರಲಿಲ್ಲ. ಒಂದು ಮಧ್ಯಾಹ್ನ ಮನೆಯ ಅರ್ಧಕ್ಕರ್ಧ ಕುರಿ ಹೊಟ್ಟೆಯುಬ್ಬಿ, ಬಾಯಲ್ಲಿ ನೊರೆ ಬಂದು, ಹೊಲದಲ್ಲೇ ಬಿದ್ದು ಸತ್ತವು. ಕುರಿಯೇ ಬದುಕಾದ ಮನೆ. ಸತ್ತವುಗಳ ನಡುವೆ ಕೂತು ಎದೆ ಬಡಿದುಕೊಂಡ ಸಾವಂತ್ರವ್ವ, ಸೇರಿದ ಮಂದಿಯ ಮುಂದೆ, ಈ ಹುಡುಗಿಯ ಕಾಲಗುಣ ನಮ್ಮ ಮನೆಗೆ ಆಗಿಬರಲಿಲ್ಲ ಎಂದುಬಿಟ್ಟಳು. ಅಂದದ್ದು ಒಂದೇ ಸಲ. ಮರುದಿನವೇ ಅವಳಿಗೆ ಮರೆತಿತ್ತೋ ಏನೋ. ಬಳಗದವರು ಮರೆಯಲಿಲ್ಲ. ಸೋಮಲಿಂಗನ ಅಕ್ಕ ಭರಮವ್ವ ಹೊಸ ಮನೆ ಕಟ್ಟಿಸಿದಾಗ, ನೀನು ಆಮೇಲೆ ಬಾ ಎಂದು ತಮ್ಮನ ಹೆಂಡತಿಯನ್ನು ಅಂಗಳದಲ್ಲಿ ನಿಲ್ಲಿಸಿದ್ದಳು. ಕ್ರಮೇಣ ಅನುರಾಧಾ ಯಾರೂ ಹೇಳದೆಯೇ ಹಿಂದೆ ನಿಲ್ಲುವುದನ್ನು ಕಲಿತಳು.

ಹಾಗೆಂದು ಅತ್ತೆ ಸೊಸೆ ಹಾವು ಮುಂಗುಸಿಯಾಗಿ ಬದುಕಿದರೆಂದು ಯಾರೂ ತಿಳಿಯಬಾರದು. ಪೂರ್ಣಿಮಾ ಹುಟ್ಟಿದಾಗ ತಿಂಗಳುಗಟ್ಟಲೆ ಬಂದಿದ್ದು ಬಾಣಂತಿಗೂ ಕೂಸಿಗೂ ಎರೆದವಳು ಇದೇ ಸಾವಂತ್ರವ್ವ. ಬಸ್ಸಿನಲ್ಲಿ ಯಾರಾದರೂ ಪರಿಚಯದವರು ಸಿಕ್ಕರೆ ಸಾಕು, ಅವರ ಕೈಯಲ್ಲಿ ಬೆಣ್ಣೆ, ಗುರೆಳ್ಳಿನ ಚಟ್ನಿ ಕಳಿಸುವವಳೂ ಅವಳೇ. ಅನುರಾಧಾಳಿಗೆ ಅತ್ತೆಯ ಮೇಲೆ ಜೀವವಿತ್ತು. ಆದರೆ ಆ ಮಾತು ಮಾತ್ರ ಎದೆಯೊಳಗೆ ಮುಳ್ಳಿನ ತುದಿಯಂತೆ ಮುರಿದು ಕೂತಿತ್ತು, ಬಗ್ಗಿದಾಗ ಎದ್ದಾಗ ಚುಚ್ಚುತ್ತಿತ್ತು.

ಕಂಪ್ಯೂಟರಿಗೆ ಮೊದಲ ವೈದ್ಯ ಸೋಮಲಿಂಗ. ಫೌಂಡ್ರಿಯವರಿಗೆ ಲೋಕದ ಎಲ್ಲ ರೋಗವೂ ವೋಲ್ಟೇಜಿನಿಂದಲೇ ಬರುತ್ತದೆ. ಅವನು ಪ್ಲಗ್ಗು ಬದಲಿಸಿದ, ವಾಯರು ಬದಲಿಸಿದ, ಪಕ್ಕದ ಮನೆಯಿಂದ ಯುಪಿಎಸ್ ಕಡ ತಂದ. ಕಂಪ್ಯೂಟರು ಹೊಸ ವಾಯರಿನ ಮೇಲೂ ಹಳೆಯ ಚಾಳಿಯನ್ನೇ ನಡೆಸಿತು. ಆಗ ಬೆಳಗಾವಿಯ ಶಹಾಪುರ ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಬಸವಪ್ರಸಾದನನ್ನು ಕರೆಸಿದರು. ಅವನು ಬಂದದ್ದೇ ತಡ, ಸಾವಂತ್ರವ್ವ ಮಂಚದ ಮೇಲೆ ಎದ್ದು ಕುಳಿತು, ಪರ ಗಂಡಸು ಬಂದನೆಂದು ತನ್ನ ಕರಿಯ ಕಂಬಳಿಯನ್ನು ಕುತ್ತಿಗೆಯ ತನಕ ಸುತ್ತಿಕೊಂಡಳು. ಆ ಕಂಬಳಿ ಬಿಟ್ಟು ಅವಳಿರಲಿಲ್ಲ, ಅವಳನ್ನು ಬಿಟ್ಟು ಆ ಕಂಬಳಿ ಇರಲಿಲ್ಲ. ಬಸವಪ್ರಸಾದ ಚಹಾ ಕುಡಿದು, ಎರಡನೆಯ ಚಹಾನೂ ಕುಡಿದು, ಕಾದು ಕೂತ. ಕಂಪ್ಯೂಟರು ಮಗುವಿನಂತೆ ಹೇಳಿದ್ದು ಕೇಳಿಕೊಂಡು ಕೆಲಸ ಮಾಡಿತು.

ಅವನು ಡಬ್ಬಿಯನ್ನು ಅಂಗಡಿಗೆ ಒಯ್ದ. ಅಲ್ಲಿಯೂ ಹಗಲಿಡೀ ಓಡಿತು. ಒಳಗಿನ ಫ್ಯಾನಿನಲ್ಲಿ ಒಂದು ಹಿಡಿ ಕರಿಯ ಕೂದಲಿನಂಥ ಕಸ ಸಿಕ್ಕಿತೆಂದೂ, ಮನೆಯಲ್ಲಿ ಕರಿ ಬೆಕ್ಕು ಸಾಕಿದ್ದೀರೇನೆಂದೂ ಕೇಳಿದ. ಅನುರಾಧಾ ಇಲ್ಲವೆಂದಳು. ಅವನು ಊದಿ ಒರೆಸಿ ಕೊಟ್ಟು, ಇನ್ನೂ ಕೈಕೊಟ್ಟರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ, ಆಗ ಕಳ್ಳ ಸಿಗುತ್ತಾನೆ ಎಂದ.

ಮನೆಗೆ ತಂದು ಹಚ್ಚಿದ ಮಧ್ಯಾಹ್ನವೇ ಪರದೆ ಕಪ್ಪಾಯಿತು. ಅನುರಾಧಾ ಕುರ್ಚಿಯಿಂದ ಧಡಕ್ಕನೆ ಎದ್ದಳು. ಆ ಸದ್ದಿಗೆ ಅತ್ತೆಯೂ ಬೆಚ್ಚಿ ಎದ್ದು ಕುಳಿತು ಕಂಬಳಿಯನ್ನು ಮೈಮೇಲೆ ಎಳೆದುಕೊಂಡಳು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಅಂಗಡಿಯಲ್ಲಿ ನೆಟ್ಟಗಿರುವುದು ಈ ಮನೆಯಲ್ಲಿ ಸಾಯುತ್ತದೆ ಎಂದರೆ ಈ ಮನೆಯಲ್ಲಿ ಹೊಸದಾಗಿ ಇರುವುದೇನು ಎಂಬ ಲೆಕ್ಕ ಮುದುಕಿಯ ಮುಖದ ಮೇಲೆ ಕಾಣುತ್ತಿತ್ತು.

ಅಂದಿನಿಂದ ಸಾವಂತ್ರವ್ವನ ನಡೆಯೇ ಬೇರೆಯಾಯಿತು. ಮೇಜಿನ ಮುಂದೆ ಹಾಯುವುದನ್ನು ಬಿಟ್ಟಳು. ಬಚ್ಚಲಿಗೆ ಹೋಗಬೇಕಾದರೆ ಹಿತ್ತಲ ಬಾಗಿಲಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಮಂಚದ ಮೇಲೆ ಕೂತಾಗ ಎರಡೂ ಕಾಲನ್ನು ಮಡಚಿ ಸೀರೆಯೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಅನುರಾಧಾ ಇದೆಲ್ಲವನ್ನೂ ನೋಡಿದಳು. ಅವಳೇನು ದೇವತೆಯಲ್ಲ. ಇಷ್ಟು ವರ್ಷ ತಾನು ಹೊತ್ತದ್ದನ್ನು ಅತ್ತೆಯೂ ಒಂದೆರಡು ದಿನ ಹೊರಲಿ ಎಂದು ಅವಳಿಗೆ ಒಳಗೊಳಗೇ ಅನಿಸಿತು, ಅನಿಸಿದ್ದು ರುಚಿಯಾಗಿಯೂ ಇತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು, ಕಾಲು ಮುಚ್ಚಿಕೊಂಡು ಮೂಲೆಗೆ ಸರಿದು ಕೂತ ಮುದುಕಿಯನ್ನು ನೋಡಿದರೆ ತನ್ನದೇ ನೆನಪಾಗುತ್ತಿತ್ತು. ಹೊಸ ಸೊಸೆಯಾಗಿ ತಾನು ಕೂತದ್ದೂ ಹಾಗೆಯೇ. ಅವಳು ಚಹಾ ಮಾಡಿ ಕೊಟ್ಟಳು.

ಕೊನೆಗೆ ಸಾವಂತ್ರವ್ವ ಊರಿಗೆ ಹೋಗಿ ಬರುತ್ತೇನೆಂದಳು. ಕುರಿ ಮರಿ ಹಾಕುವ ಹೊತ್ತು, ಬೀರೇಶನಿಗೆ ಒಬ್ಬನಿಗೇ ಆಗುವುದಿಲ್ಲ, ಎರಡು ದಿನ ಇದ್ದು ಬಂದುಬಿಡುವೆ, ಒಲೆಯ ಹತ್ತಿರ ಹೋಗುವುದಿಲ್ಲ ಎಂದು ಮಗನ ಕೈಹಿಡಿದು ಆಣೆ ಮಾಡಿದಳು. ಸೋಮಲಿಂಗ ಅವಳನ್ನೂ ಅವಳ ಕಂಬಳಿಯನ್ನೂ ಬಸ್ಸಿನಲ್ಲಿ ಖಾನಾಪುರಕ್ಕೆ ಮುಟ್ಟಿಸಿ ಬಂದ.

ಅವಳು ಹೋದದ್ದೇ ಕಂಪ್ಯೂಟರು ನೆಟ್ಟಗಾಯಿತು. ಬಾಕಿ ಬಿದ್ದ ಪತ್ರಿಕೆಗಳೆಲ್ಲ ಸರಸರನೆ ಮುಗಿದವು. ದಿನಾ ಫೋನು ಮಾಡುತ್ತಿದ್ದ ಬೀಗರ ಪತ್ರಿಕೆ ಪ್ರೆಸ್ಸಿಗೆ ಹೋಯಿತು, ಅವರ ಹುಡುಗಿಯ ವಿಡಿಯೋ ಪತ್ರಿಕೆಯೂ ಗುಲಾಬಿ ಹೂವು ಉದುರಿಸಿಕೊಂಡು ತಯಾರಾಯಿತು. ಅನುರಾಧಾ ಹಾಡು ಗುನುಗುತ್ತ ಕೆಲಸ ಮಾಡುತ್ತಿದ್ದಾಗ ಅತ್ತೆಯ ಫೋನು ಬಂತು. ಊಟವಾಯಿತೇ ಎಂದು ಕೇಳಲಿಲ್ಲ, ಮಗ ಹೇಗಿದ್ದಾನೆ ಎಂದು ಕೇಳಲಿಲ್ಲ.

"ನಿನ್ನ ಮಿಶಿನ್ ಹ್ಯಾಂಗೈತಿ?" ಎಂದಳು.

"ಭಾಳ ಛಲೋ ಐತ್ರಿ ಅತ್ತಿ. ನೀವು ಹೋದಾಗಿಂದ ಒಮ್ಮಿನೂ ನಿಂತಿಲ್ಲ" ಎಂದಳು ಅನುರಾಧಾ. ಸಂತೋಷದ ಭರದಲ್ಲಿ ಬಾಯಿಗೆ ಬಂದದ್ದನ್ನು ಹಾಗೆಯೇ ಅಂದಿದ್ದಳು.

ಅತ್ತ ಕಡೆಯಿಂದ ಕುರಿಗಳು ಅರಚುವುದು ಕೇಳಿಸಿತು. ಸಾವಂತ್ರವ್ವ, ಛಲೋ ಆತು ಬಿಡವಾ, ಎಂದು ಫೋನಿಟ್ಟಳು. ಏನು ಹೇಳಿಬಿಟ್ಟೆನೆಂದು ಅನುರಾಧಾಳಿಗೆ ಆಗ ಹೊಳೆಯಿತು. ಅವಳು ಮತ್ತೆ ಮತ್ತೆ ಫೋನು ಮಾಡಿದಳು, ಅತ್ತೆ ಎತ್ತಲಿಲ್ಲ.

ಮರುದಿನ ಭರಮವ್ವ ಫೋನು ಮಾಡಿದಳು. ಅವ್ವ ಬೆಳಗಾವಿಗೆ ಬರುವುದಿಲ್ಲವಂತೆ, ಬ್ಯಾಗು ಬಟ್ಟೆ ಎಲ್ಲ ಕಳಿಸಿಬಿಡಬೇಕಂತೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಳೆ, ಕಣ್ಣು ಕೆಂಪಗೆ ಕೆಂಡವಾಗಿದೆ, ಔಷಧಿಯ ಹನಿ ಹಾಕಲು ಹೋದರೆ ಕೈ ಸರಿಸುತ್ತಾಳೆ. ಯಾಕವ್ವ ಎಂದು ಕೇಳಿದರೆ ಒಂದೇ ಮಾತು, ನನ್ನ ಕಾಲಗುಣ ಆ ಮನೆಗೆ ಆಗಿಬರುವುದಿಲ್ಲ, ಸೊಸೆಯ ಅನ್ನಕ್ಕೆ ನಾನು ಅಡ್ಡ ಬರಲಾರೆ. ಭರಮವ್ವ ಇದನ್ನು ಹೇಳಿ, ತಮ್ಮನ ಹೆಂಡತಿಯ ಹತ್ತಿರ ಎಂದೂ ಕೇಳಿರದ ಸಹಾಯ ಕೇಳಿದಳು: ಏನಾದರೂ ಮಾಡು, ಅವ್ವನ ಕಣ್ಣು ಹೋದೀತು.

ಸೋಮಲಿಂಗ ಹೋಗಿ ಎತ್ತಿಕೊಂಡೇ ಬರುತ್ತೇನೆಂದು ಹೊರಟ. ಅನುರಾಧಾ ಬೇಡವೆಂದಳು. ಎತ್ತಿಕೊಂಡು ಬಂದರೂ, ಯಂತ್ರ ಮತ್ತೆ ಸತ್ತ ದಿನ ಮುದುಕಿ ನಡೆದುಕೊಂಡಾದರೂ ಖಾನಾಪುರ ಸೇರುತ್ತಿದ್ದಳು. ಕಣ್ಣು ಉಳಿಯಬೇಕಾದರೆ ಯಂತ್ರ ಯಾಕೆ ಸಾಯುತ್ತದೆಂದು ಮೊದಲು ಗೊತ್ತಾಗಬೇಕಿತ್ತು. ಅನುರಾಧಾ ಕಂಪ್ಯೂಟರಿನ ಮುಂದೆ ಕೂತಳು. ಅದು ನೆಟ್ಟಗೆ ಓಡುತ್ತಿದ್ದುದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಕೆಟ್ಟಾಗಲೂ ಬಾರದಷ್ಟು ಸಿಟ್ಟು ಅದರ ಮೇಲೆ ಈಗ ಬಂತು.

ಬಸವಪ್ರಸಾದನ ಮಾತು ನೆನಪಾಯಿತು, ಒಂದು ಸಲಕ್ಕೆ ಒಂದು. ಅತ್ತೆ ಹೋದಾಗ ಅತ್ತೆಯ ಕಾಲಷ್ಟೇ ಹೋಗಲಿಲ್ಲವಲ್ಲ. ಮಾತ್ರೆಯ ಚೀಲ ಹೋಯಿತು, ಎಲೆ ಅಡಿಕೆಯ ಡಬ್ಬಿ ಹೋಯಿತು. ಇವಕ್ಕೂ ಕಂಪ್ಯೂಟರಿಗೂ ಏನು ಸಂಬಂಧವೆಂದು ಗೊಣಗುತ್ತ ಅವಳು ಖಾಲಿ ಮಂಚದ ಮೇಲೆ, ಅತ್ತೆ ಮಲಗುತ್ತಿದ್ದ ಜಾಗದಲ್ಲಿ, ಅತ್ತೆಯ ಹಾಗೆಯೇ ಮಗ್ಗುಲಾಗಿ ಮಲಗಿ ನೋಡಿದಳು. ಕಣ್ಣೆದುರಿಗೇ ಡಬ್ಬಿಯ ಬೆನ್ನು. ಅದರ ಜಾಲರಿಯ ತೂತುಗಳಲ್ಲಿ ಸಣ್ಣ ಸಣ್ಣ ಕರಿಯ ಎಳೆಗಳು ಸಿಕ್ಕಿಕೊಂಡಿದ್ದವು. ಅನುರಾಧಾ ಒಂದನ್ನು ಎಳೆದು ಬೆರಳಲ್ಲಿ ಹೊಸೆದಳು. ಕುರುಬರ ಮನೆಯ ಮಗಳಿಗೆ ಅದು ಬೆಕ್ಕಿನ ಕೂದಲೋ ಕುರಿಯ ಉಣ್ಣೆಯೋ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಟ್ರಂಕು ತೆರೆದು ತನ್ನ ಮದುವೆಯ ಕಂಬಳಿಯನ್ನು ತೆಗೆದಳು. ಕಂಪ್ಯೂಟರಿಗೆ ಒಂದು ದೊಡ್ಡ ವಿಡಿಯೋ ಪತ್ರಿಕೆಯ ಭಾರದ ಕೆಲಸ ಹಚ್ಚಿ, ಡಬ್ಬಿಯ ಬೆನ್ನಿಗೆ ಕಂಬಳಿಯನ್ನು ಒತ್ತಾಗಿ ತುರುಕಿ, ಕೈಕಟ್ಟಿ ಕೂತಳು. ಒಳಗಿನ ಫ್ಯಾನು ಮೊದಲು ಗುರುಗುಟ್ಟಿತು, ಆಮೇಲೆ ಕೂಗಿತು, ಆಮೇಲೆ ಇಡೀ ಡಬ್ಬಿ ಗಡಗಡ ನಡುಗಿತು. ಒಂದು ಕುಕ್ಕರ್ ಅನ್ನ ಆಗುವಷ್ಟರಲ್ಲಿ ಪರದೆ ಕಪ್ಪಾಯಿತು. ತನ್ನ ಕಂಪ್ಯೂಟರು ಸತ್ತದ್ದಕ್ಕೆ ಚಪ್ಪಾಳೆ ತಟ್ಟಿದ ಹೆಂಗಸು ಬೆಳಗಾವಿಯಲ್ಲಿ ಅವಳೊಬ್ಬಳೇ ಇರಬೇಕು. ಸೋಮಲಿಂಗ ಅಡುಗೆಮನೆಯಿಂದ ಓಡಿ ಬಂದು, ಹೆಂಡತಿಗೆ ತಲೆ ಕೆಟ್ಟಿತೇನೋ ಎಂದು ನಿಂತು ನೋಡಿದ.

ಮರುದಿನ ಅವನಿಗೆ ರಜೆ. ಫೋನಿನಲ್ಲಿ ಹೇಳಿದರೆ ಅತ್ತೆ ನಂಬುವುದಿಲ್ಲವೆಂದು ಅನುರಾಧಾಳಿಗೆ ಗೊತ್ತಿತ್ತು. ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಸಿ, ಖಾನಾಪುರದ ಬಸ್ಸಿನಲ್ಲಿ ಗಂಡನ ತೊಡೆಯ ಮೇಲೆ ಕೂರಿಸಿಕೊಂಡು ಹೊರಟಳು. ಮುಂದಿನ ಸೀಟಿನ ಅಜ್ಜಿಯೊಬ್ಬಳು ದೇವರನ್ನು ಒಯ್ಯುತ್ತಿದ್ದಾರೆಂದು ತಿಳಿದು ಗಂಟಿಗೆ ಕೈಮುಗಿದಳು. ಸೋಮಲಿಂಗ ಇಲ್ಲವೆನ್ನಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ಸುಮ್ಮನಾದ.

ಸಾವಂತ್ರವ್ವ ಹಿತ್ತಲ ಒಲೆಯ ಮುಂದೆಯೇ ಇದ್ದಳು. ಕಣ್ಣು ಭರಮವ್ವ ಹೇಳಿದ್ದಕ್ಕಿಂತ ಕೆಂಪಾಗಿತ್ತು. ಸೊಸೆ ಅವಳ ರಟ್ಟೆ ಹಿಡಿದು ಎಬ್ಬಿಸಿ, ಒಳಗೆ ಕೂರಿಸಿ, ಮೊದಲು ಕಣ್ಣಿಗೆ ಹನಿ ಹಾಕಿದಳು. ಆಮೇಲೆ, ಡಬ್ಬಿಯ ಬೆನ್ನಿಗೆ ಕಂಬಳಿ ಹೊದಿಸುತ್ತಿದ್ದಿರೇನು ಎಂದು ಕೇಳಿದಳು.

"ಹೂಂ. ಗಡಗಡ ನಡಗತಿತ್ತಲ್ಲವಾ. ತಣ್ಣನ್ನ ಫರ್ಶಿ ಮ್ಯಾಲ ಕುಂತೇತಿ, ಥಂಡಿ ಹತ್ತೇತಿ ಅಂತ ತಿಳದೆ. ಎಳೀ ಮರಿಗಿ ಹೊಚ್ಚತೇವಲ್ಲ, ಹಂಗ ಹೊಚ್ಚಿದೆ" ಎಂದಳು ಸಾವಂತ್ರವ್ವ. ಹೊದಿಸಿದಷ್ಟೂ ಅದು ಹೆಚ್ಚು ನಡುಗುತ್ತಿತ್ತೆಂದೂ, ಹೆಚ್ಚು ನಡುಗಿದಷ್ಟೂ ತಾನು ಇನ್ನಷ್ಟು ಒತ್ತಿ ಹೊದಿಸುತ್ತಿದ್ದೆನೆಂದೂ ಹೇಳಿದಳು.

ಅನುರಾಧಾಳಿಗೆ ನಗು ಅಳು ಎರಡೂ ಒಟ್ಟಿಗೆ ಬಂದವು. ಅದು ಚಳಿಯ ನಡುಕವಲ್ಲ, ಸೆಕೆಯ ನಡುಕ ಎಂದು ಅವಳು ಬಿಡಿಸಿ ಹೇಳಿದಳು. ಕೆಲಸ ಮಾಡಿದಂತೆ ಅದರ ಒಡಲು ಕಾಯುತ್ತದೆ, ಆ ಕಾವನ್ನು ಬೆನ್ನಿನ ತೂತುಗಳಿಂದ ಹೊರಗೆ ಊದುತ್ತದೆ, ತೂತು ಮುಚ್ಚಿದರೆ ಉಸಿರು ಕಟ್ಟಿ ನಿಂತುಬಿಡುತ್ತದೆ. ಕಂಬಳಿಯದಷ್ಟೇ ತಪ್ಪು, ಕಾಲಿನದೇನೂ ಇಲ್ಲ. ಮುದುಕಿ ಎಲ್ಲವನ್ನೂ ಕೇಳಿ, ಸೊಸೆಯ ಗಲ್ಲ ಸವರಿ, ನನ್ನ ಸಮಾಧಾನಕ್ಕೆ ಹೇಳಬೇಡವಾ ಎಂದು ಎದ್ದಳು.

ಇದು ಹೀಗೇ ಆಗುತ್ತದೆಂದು ಅನುರಾಧಾ ಬಲ್ಲಳು. ಅವಳು ಗಂಟು ಬಿಚ್ಚಿ ಡಬ್ಬಿಯನ್ನು ಬೀರೇಶನ ಟೀವಿಗೆ ಜೋಡಿಸಿದಳು, ಭರಮವ್ವನಿಗೆ ಹೇಳಿಕಳಿಸಿದಳು. ಬೆಳಗಾವಿಯ ಸೊಸೆ ಕಂಪ್ಯೂಟರು ಹೊತ್ತು ತಂದಿದ್ದಾಳೆಂದು ಓಣಿಯ ನಾಲ್ಕಾರು ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು. ಅನುರಾಧಾ ಮೊದಲು ಅತ್ತೆಯನ್ನು ಡಬ್ಬಿಯ ಮುಂದೆ ಕೂರಿಸಿ, ಎರಡೂ ಕಾಲನ್ನು ಅದಕ್ಕೆ ಒತ್ತಿಸಿದಳು. ಮುದುಕಿ ಕಾಲು ಹಿಂದೆಳೆದುಕೊಂಡರೆ ಇವಳು ಮತ್ತೆ ಮುಂದೆ ಎಳೆದಳು. ಕಂಬಳಿಯನ್ನು ಹೊರಗೆ ಹಗ್ಗದ ಮೇಲೆ ಹಾಕಿಸಿ, ಭಾರದ ಕೆಲಸವನ್ನೇ ಹಚ್ಚಿದಳು. ಟೀವಿಯಲ್ಲಿ ಯಾರದೋ ಮದುವೆಯ ಗುಲಾಬಿಗಳು ಉದುರುತ್ತಲೇ ಇದ್ದವು. ಎಲ್ಲರೂ ಚಹಾ ಕುಡಿದರು, ಎಲೆ ಹಾಕಿಕೊಂಡರು. ಪರದೆ ಕಪ್ಪಾಗಲಿಲ್ಲ.

ಆಮೇಲೆ ಅತ್ತೆಯನ್ನು ಅಂಗಳದಾಚೆಯ ಬೇವಿನ ಮರದ ಕೆಳಗೆ ಕೂರಿಸಿ ಬಂದಳು. ಕಂಬಳಿ ಒಳಗೆ ಬಂತು, ಡಬ್ಬಿಯ ಬೆನ್ನಿಗೆ ಬಿತ್ತು. ಡಬ್ಬಿ ಗುರುಗುಟ್ಟಿತು, ನಡುಗಿತು. ಗುಲಾಬಿಗಳು ನಡುಗಾಳಿಯಲ್ಲಿರುವಾಗಲೇ ಟೀವಿ ಕಪ್ಪಾಯಿತು. ಭರಮವ್ವ ಓಡಿಹೋಗಿ ಅವ್ವನನ್ನು ಕರೆತಂದಳು.

ಸಾವಂತ್ರವ್ವ ಬಗ್ಗಿ, ಮರಿಯ ಕಿವಿ ಮುಟ್ಟಿ ಜ್ವರ ನೋಡುವವಳ ಹಾಗೆ ಡಬ್ಬಿಯ ಮೇಲೆ ಅಂಗೈಯಿಟ್ಟು ನೋಡಿದಳು. ಮೈ ಕಾದಿದೆ ಎಂದು ತನಗೇ ಹೇಳಿಕೊಂಡಳು. ಕಂಬಳಿಯನ್ನು ಎಳೆದು ಮಡಚಿ ಮಗ್ಗುಲಿಗಿಟ್ಟಳು. ತನ್ನ ಕಾಲನ್ನೊಮ್ಮೆ ನೋಡಿಕೊಂಡಳು. ಎಲ್ಲ ಮುಗಿಯಿತೆಂದು ಅನುರಾಧಾ ಹಗುರಾಗಿ ಉಸಿರುಬಿಟ್ಟು ವಾಯರು ಸುತ್ತತೊಡಗಿದಳು. ಅತ್ತೆ ಬೆಳಗಾವಿಗೆ ಬಂದರೆ ಸಾಕು, ಕಣ್ಣು ಉಳಿದರೆ ಸಾಕು, ಅವಳು ಬಂದದ್ದು ಅಷ್ಟಕ್ಕೇ.

ಸಾವಂತ್ರವ್ವ ಮಾತ್ರ ಎದ್ದಿರಲಿಲ್ಲ. ತನ್ನ ಕಾಲು ನೋಡಿದ ಕಣ್ಣಲ್ಲೇ ಸೊಸೆಯ ಕಾಲನ್ನೂ ನೋಡಿ, ಟೀವಿಯ ಮಗ್ಗುಲಲ್ಲಿ ನಿಂತಿದ್ದ ಕಿರಿಯ ಮಗನ ಕಡೆ ತಿರುಗಿದಳು.

"ಬೀರೇಶ, ಅಣ್ಣನ ಲಗ್ನಾದ ವಾರ ಕುರಿ ಸತ್ತವಲ್ಲ. ಅವತ್ತ ಅವು ಎಲ್ಲಿ ಮೇದಿದ್ದವು?"

ಆಗ ಬೀರೇಶನಿಗೆ ಇನ್ನೂ ಮೀಸೆ ಮೂಡುವ ವಯಸ್ಸು, ಅಪ್ಪನ ಜೊತೆ ಕುರಿ ಹಿಂದೆ ಹೋಗುತ್ತಿದ್ದ. ಅವನು ನೆಲ ನೋಡುತ್ತ, ಇಟಗಿ ದಾರಿಯ ಹೊಲದಲ್ಲಿ ಎಂದ. ಬೆಳೆ ಇತ್ತೇನೆಂದು ಅವ್ವ ಕೇಳಿದಳು. ಇಲ್ಲ, ಜೋಳ ಕೊಯ್ದ ಹೊಲ. ಮಳೆಯಾಗಿತ್ತೇನು? ಆಗಿತ್ತು, ಲಗ್ನದ ಚಪ್ಪರವೇ ತೊಯ್ದಿತ್ತಲ್ಲ. ಮುದುಕಿ ಒಂದೊಂದೇ ಕೇಳುತ್ತ ಹೋದಳು, ಮಗ ಒಂದೊಂದೇ ಹೇಳುತ್ತ ಹೋದ.

"ಹಂಗಾದ್ರ ಕೂಳಿ ಒಡದಿತ್ತು" ಎಂದಳು ಸಾವಂತ್ರವ್ವ.

"ಒಡದಿತ್ತು. ಲಗ್ನದ ದಣಿವಿಗಿ ಅಪ್ಪಗ ಬದುವಿನ ಮ್ಯಾಲ ಕಣ್ಣ ಹತ್ತಿತ್ತು. ನಾ ನೀರಿಗಿ ಹೋಗಿದ್ದೆ. ಬರೂದ್ರಾಗ ಮೇದಿದ್ದವು" ಎಂದ ಬೀರೇಶ. ನೆಲದಿಂದ ಕಣ್ಣೆತ್ತಿ, "ಯಾರೂ ಕೇಳಲಿಲ್ಲವಾ, ನಾನೂ ಹೇಳಲಿಲ್ಲ" ಎಂದ.

ಕೊಯ್ದ ಜೋಳದ ಬುಡಕ್ಕೆ ಮಳೆ ಬಿದ್ದು ಒಡೆಯುವ ಎಳೆಯ ಕೂಳೆ ಕುರಿಗೆ ವಿಷ ಎಂಬುದು ಆ ಮನೆಯಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತಿರುವ ಸಂಗತಿ. ಬಾಯಲ್ಲಿ ನೊರೆ ಬಂದು ಸತ್ತ ಕುರಿಯನ್ನು ನೋಡಿ ಯಾರೂ ಅದನ್ನು ಕೇಳದೆ ಇದ್ದದ್ದು ಹೇಗೆ? ಕಾಲಗುಣ ಎಂಬ ಉತ್ತರ ಮೊದಲೇ ಸಿಕ್ಕಿಬಿಟ್ಟಿತ್ತು, ಮುಂದೆ ಯಾರಿಗೂ ಕೇಳುವ ಕೆಲಸವೇ ಉಳಿದಿರಲಿಲ್ಲ. ಅನುರಾಧಾಳ ಕೈಯಲ್ಲಿದ್ದ ವಾಯರು ಹಾಗೆಯೇ ನಿಂತಿತು.

ಸಾವಂತ್ರವ್ವ ಗೋಡೆ ಹಿಡಿದು ಎದ್ದಳು. ಸೊಸೆಯ ಕಡೆ ತಿರುಗಲಿಲ್ಲ. ಭರಮವ್ವನ ಕಡೆ, ಬಾಗಿಲಲ್ಲಿ ನಿಂತ ಓಣಿಯ ಹೆಂಗಸರ ಕಡೆ ತಿರುಗಿದಳು. ಅವರಲ್ಲಿ ಇಬ್ಬರು ಅಂದು ಸತ್ತ ಕುರಿಗಳ ಸುತ್ತ ನಿಂತಿದ್ದವರೇ.

"ಎಲ್ಲಾರೂ ಕೇಳಿದ್ರಿಲ್ಲ? ನಮ್ಮ ಕುರಿ ಕೂಳಿ ತಿಂದು ಸತ್ತಾವು. ಇಕಿ ಕಾಲಿಂದಲ್ಲ. ಅವತ್ತ ನಾ ಅಂದದ್ದ ಸುಳ್ಳು. ಕೇಳದವರಿಗಿ ಹೋಗಿ ಹೇಳ್ರಿ."

ಭರಮವ್ವ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು. ಅತ್ತೆಯ ಕಾಲಿನ ಮೇಲಿನ ಆಪಾದನೆ ಕಳೆಯಲು ಬಂದ ಅನುರಾಧಾ ತನ್ನದನ್ನು ಕಳೆಯಿರೆಂದು ಯಾರನ್ನೂ ಕೇಳಿರಲಿಲ್ಲ. ಕೇಳಬಹುದೆಂದು ಅವಳಿಗೆ ಹೊಳೆದೂ ಇರಲಿಲ್ಲ. ಈಗ ಕೇಳದೆಯೇ ಸಿಕ್ಕಾಗ, ಇಷ್ಟು ವರ್ಷ ತಾನು ಕಾಯುತ್ತಿದ್ದದ್ದು ಈ ಒಂದು ಮಾತಿಗೇ ಎಂದು ಅವಳಿಗೆ ತಿಳಿಯಿತು. ಅವಳು ವಾಯರು ಹಿಡಿದುಕೊಂಡೇ ನೆಲದ ಮೇಲೆ ಕುಸಿದು ಕೂತಳು, ದುಃಖ ಉಕ್ಕಿ ಬಂತು.

ಸಾವಂತ್ರವ್ವ ಬಂದು ಅವಳ ಮಗ್ಗುಲಲ್ಲಿ ಕೂತು ತೊಡೆಯ ಮೇಲೆ ಕೈಯಿಟ್ಟಳು. ಅವಳ ಗದ್ದವೂ ಅದುರುತ್ತಿತ್ತು, ಆದರೆ ಕಣ್ಣನ್ನು ಮೇಲಕ್ಕೆ ಮಾಡಿ ತೊಲೆ ನೋಡುತ್ತ ತಡೆದುಕೊಂಡಿದ್ದಳು.

"ಅಳಬಾರದು ಅಂತ ಡಾಕ್ಟರ್ ನನಗ ತಾಕೀತ ಮಾಡ್ಯಾರವಾ, ಕಣ್ಣ ಕೆಡತೈತಂತ" ಎಂದಳು. "ನನ್ನ ಪಾಲಿಂದೂ ನೀನ ಅಳು."

ಅನುರಾಧಾ ಮುಖ ಮುಚ್ಚಿಕೊಳ್ಳಲಿಲ್ಲ. ಎಲ್ಲರೆದುರಿಗೇ, ಇಬ್ಬರ ಪಾಲಿನದನ್ನೂ ಅತ್ತಳು.